ಎರಡು ಉಗುಳಿದೆ, ಒಂದು ನುಂಗಿದೆ

ನಮ್ಮ ಮನೆಯಲ್ಲಿ ‘ಬಾಟ್ಲಿ’ ಅನ್ನುವ ಶಬ್ದವನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಎಣ್ಣೆಯದಿರಲಿ, ಔಷಧದ್ದಿರಲಿ, ಅವ್ವ ಅದಕ್ಕೆ ‘ಸೀಸೆ’ ಅಂತಲೇ ಅನ್ನುತ್ತಾಳೆ. ಬಾಟ್ಲಿ ಅಂದರೆ ನಮಗೆ ಒಂದೇ ಅರ್ಥ. ಅಂಥ ಮನೆಯಿಂದ ಬಂದ ನಾನು ಇಟಲಿಯ ಒಂದು ದ್ರಾಕ್ಷಿ ತೋಟದಲ್ಲಿ, ಕೈಯಲ್ಲಿ ಕಾಲುದ್ದದ ಗಾಜಿನ ಲೋಟ ಹಿಡಿದು ನಿಂತಿದ್ದೆ. ಆ ದಿನದ ಕತೆಯನ್ನು ಎಂಟು ತಿಂಗಳು ಯಾರಿಗೂ ಹೇಳಿರಲಿಲ್ಲ. ಅವ್ವನಿಗೆ ಹೇಳಿ ಆಯಿತು, ಈಗ ನಿಮಗೂ ಹೇಳಬಹುದು ಅನ್ನಿಸಿತು.

ಮೊದಲು ಊರಿನ ವಿಷಯ. ಅವ್ವನ ತವರು ಮಸ್ಕಿ ಹತ್ತಿರದ ಹಳ್ಳಿ. ಮಸ್ಕಿ ಅಂದರೆ ಎಲ್ಲರಿಗೂ ಅಶೋಕನ ಶಾಸನ ನೆನಪಾಗುತ್ತದೆ. 1915ರಲ್ಲಿ ಚಿನ್ನ ಹುಡುಕಲು ಬಂದಿದ್ದ ಬೀಡನ್ ಎಂಬ ಎಂಜಿನಿಯರ್ ಅಲ್ಲಿನ ಬಂಡೆಯ ಮೇಲೆ ಆ ಅಕ್ಷರಗಳನ್ನು ಕಂಡ. ‘ದೇವಾನಾಂಪ್ರಿಯ’ನೇ ಅಶೋಕ ಎಂದು ಖಚಿತವಾಗಿದ್ದು ಆ ಕಲ್ಲಿನಿಂದ. ಆದರೆ ಅವ್ವನಿಗೆ ಮಸ್ಕಿ ಅಂದರೆ ಒಣ ಭೂಮಿ, ಜೋಳ, ತೊಗರಿ, ಮಳೆ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಹಾಗಾಗಿ ಭತ್ತದ ನಾಟಿ ಶುರುವಾದರೆ ಆ ಕಡೆಯ ಹೆಣ್ಣುಮಕ್ಕಳು ಟ್ರ್ಯಾಕ್ಟರ್ ಹತ್ತಿ ಸಿಂಧನೂರಿನ ಕ್ಯಾಂಪುಗಳಿಗೆ ಬರುತ್ತಿದ್ದರು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ಕಣಜವಾಯಿತಲ್ಲ, ಆ ಕಣಜ ತುಂಬಿದ ಕೈಗಳಲ್ಲಿ ಅವ್ವನವೂ ಎರಡು. ಅಪ್ಪ ಅಲ್ಲಿಯೇ ಒಂದು ರೈಸ್ ಮಿಲ್ಲಿನಲ್ಲಿ ಹಮಾಲಿ. ಅವರಿಬ್ಬರ ಮದುವೆ ಆದದ್ದೂ ಸಿಂಧನೂರಿನಲ್ಲೇ, ನಾನು ಹುಟ್ಟಿದ್ದೂ ಅಲ್ಲೇ.

ಅಪ್ಪ ಕುಡಿಯುತ್ತಿದ್ದ. ಮೊದಲು ಸಾರಾಯಿ ಪಾಕೀಟು. 2007ರ ಜುಲೈ ಒಂದರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಅವತ್ತು ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದ್ದು ನನಗೆ ಚೆನ್ನಾಗಿ ನೆನಪಿದೆ, ನನಗಾಗ ಹನ್ನೆರಡು. ಆದರೆ ಸಾರಾಯಿ ಹೋದ ಜಾಗಕ್ಕೆ ಕಡಿಮೆ ರೇಟಿನ ವಿಸ್ಕಿ ಬಂತು, ಖರ್ಚು ಹೆಚ್ಚಾಯಿತು, ಅಷ್ಟೇ. 2011ರಲ್ಲಿ ಅಪ್ಪ ಹೋದ. ಹೊಟ್ಟೆ ನೀರು ತುಂಬಿ ಉಬ್ಬಿತ್ತು, ಕಣ್ಣು ಅರಿಶಿನ ಹಚ್ಚಿದಂತೆ ಹಳದಿ. ನಾನು ಲಿಂಗಸುಗೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಪಿಯುಸಿ ಓದುತ್ತಿದ್ದೆ. ಹದಿಮೂರನೇ ದಿನ ಮುಗಿದ ಮೇಲೆ ಅವ್ವ ನನ್ನನ್ನು ದೀಪದ ಮುಂದೆ ಕೂಡಿಸಿಕೊಂಡು, ‘ಮುಟ್ಟಂಗಿಲ್ಲ’ ಅಂತ ಆಣೆ ಹಾಕಿಸಿದಳು. ಹಾಕಿದೆ.

ಅವ್ವ ಅಲ್ಲಿಗೆ ಬಿಡಲಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಗಬೇಕು ಅಂತ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನ ತನಕ ನಡೆದು ಬಂದರಲ್ಲ, ರಾಯಚೂರು ಜಿಲ್ಲೆಯಿಂದ ಹೋದವರಲ್ಲಿ ಅವ್ವನೂ ಇದ್ದಳು. ನಾನಾಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಒಂದೂವರೆ ವರ್ಷ. ರಜೆ ಹಾಕಿ ನೋಡಲು ಹೋದರೆ ಎರಡೂ ಪಾದಕ್ಕೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ‘ಸಾಕು, ನಡಿ ರೂಮಿಗೆ’ ಅಂದೆ. ‘ಇಷ್ಟು ದೂರ ಬಂದು ನಿನ್ನ ರೂಮು ನೋಡಾಕ ಬಂದಿಲ್ಲ ನಾನು’ ಅಂದಳು.

ಇದು ಹಿನ್ನೆಲೆ. ಈಗ ಇಟಲಿಗೆ ಬರೋಣ.

ಎರಡು ವರ್ಷದ ಹಿಂದೆ ಕಂಪನಿ ನನ್ನನ್ನು ಮೂರು ತಿಂಗಳ ಆನ್‌ಸೈಟ್ ಕೆಲಸಕ್ಕೆ ತುರಿನ್ ನಗರಕ್ಕೆ ಕಳಿಸಿತು. ಕಾರುಗಳ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸ. ತುರಿನ್ ಇರುವುದು ಪೀಡ್ಮಾಂಟ್ ಎಂಬ ಪ್ರಾಂತ್ಯದಲ್ಲಿ. ಒಂದು ಶನಿವಾರ ರೈಲಿನಲ್ಲಿ ಮಿಲಾನಿಗೆ ಹೊರಟೆ. ವೆರ್ಚೆಲ್ಲಿ, ನೊವಾರಾ ಅನ್ನುವ ಸ್ಟೇಷನ್ನುಗಳ ನಡುವೆ ಕಿಟಕಿಯಾಚೆ ನೋಡಿದರೆ ಬದು, ಕಾಲುವೆ, ತೂಬು, ಕೊಯ್ದ ಭತ್ತದ ಗದ್ದೆ! ಒಂದು ಕ್ಷಣ ಸಿಂಧನೂರು ಬಂತೇನೋ ಅನ್ನಿಸಿತು. ಯುರೋಪಿನಲ್ಲಿ ಅತಿ ಹೆಚ್ಚು ಭತ್ತ ಬೆಳೆಯುವ ದೇಶ ಇಟಲಿ, ಅದರಲ್ಲೂ ಈ ಸೀಮೆಯೇ ದೊಡ್ಡದು ಅಂತ ಆಮೇಲೆ ತಿಳಿಯಿತು. ಅಲ್ಲಿಗೆ ನೀರು ತರುವ ದೊಡ್ಡ ಕಾಲುವೆಯ ಹೆಸರು ಕಾವೂರ್ ಕಾಲುವೆ. 1863ರಿಂದ 1866ರ ಒಳಗೆ ಕಟ್ಟಿದ್ದು, ಉದ್ದ 80 ಕಿಲೋಮೀಟರ್‌ಗೂ ಮೇಲೆ. ಅಲ್ಲಿಯೂ ಹಿಂದೆ ಕಳೆ ಕೀಳಲು, ನಾಟಿಗೆ ಬೇರೆ ಊರುಗಳಿಂದ ಹೆಣ್ಣುಮಕ್ಕಳು ಗುಂಪುಗುಂಪಾಗಿ ಬಂದು, ಮೊಣಕಾಲ ಮಟ್ಟ ನೀರಿನಲ್ಲಿ ಬಗ್ಗಿ ದುಡಿದು ಹೋಗುತ್ತಿದ್ದರಂತೆ. ಅವರಿಗೆ ‘ಮೊಂದೀನೆ’ ಅನ್ನುತ್ತಾರೆ. ಅವರ ಮೇಲೆ 1949ರಲ್ಲಿ ಒಂದು ಪ್ರಸಿದ್ಧ ಸಿನಿಮಾವೂ ಬಂತು, ಹೆಸರು ‘ಕಹಿ ಅಕ್ಕಿ’ ಎಂಬ ಅರ್ಥದ್ದು. ಅವತ್ತು ರಾತ್ರಿ ಅವ್ವನಿಗೆ ವಿಡಿಯೋ ಕಾಲ್ ಮಾಡಿ ಗದ್ದೆಯ ಫೋಟೊ ತೋರಿಸಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ದಿನಕ್ಕ ಕೂಲಿ ಎಷ್ಟು ಕೊಡ್ತಾರಂತ?’

ಕಾವೂರ್ ಎಂದರೆ ಇಟಲಿಯ ಮೊದಲ ಪ್ರಧಾನಿ. ತುರಿನ್‌ನಿಂದ ದಕ್ಷಿಣಕ್ಕಿರುವ ಲಾಂಗೆ ಗುಡ್ಡಗಳಲ್ಲಿ ಅವನ ಮನೆತನದ ದ್ರಾಕ್ಷಿ ತೋಟವೂ ಇತ್ತು. ಹೀಗೆ ಅಕ್ಕಿಯ ಕಾಲುವೆಯ ಹೆಸರು ಹಿಡಿದು ಹೊರಟ ನಾನು ನೆಬ್ಬಿಯೋಲೊ ದ್ರಾಕ್ಷಿಯ ಹತ್ತಿರ ಬಂದು ನಿಂತೆ. ಅಕ್ಟೋಬರ್ ಕೊನೆಗೆ ನಮ್ಮ ಟೀಮಿನ ಇಟಲಿಯ ಹುಡುಗ, ‘ಭಾನುವಾರ ಎಲ್ಲರೂ ಬರೋಲೊ ಕಡೆ ಹೋಗೋಣ, ಗುಡ್ಡದ ಮೇಲೆ ಮಂಜು ನೋಡಬೇಕು ನೀನು’ ಅಂದ. ‘ನಾನು ಕುಡಿಯುವುದಿಲ್ಲ’ ಅಂದೆ. ‘ಕುಡಿಯುವುದು ಬೇಡ, ರುಚಿ ನೋಡು’ ಅಂದ. ಎರಡಕ್ಕೂ ಏನು ಫರಕು ಅಂತ ಆಗ ನನಗೆ ತಿಳಿದಿರಲಿಲ್ಲ.

ಬೆಳಿಗ್ಗೆ ಹೋಗುವಾಗ ಕಣಿವೆಯ ತುಂಬ ಮಂಜು. ಗುಡ್ಡದ ತುದಿಗಳು, ಚರ್ಚಿನ ಗೋಪುರಗಳು ಮಾತ್ರ ಮೇಲೆ ಕಾಣುತ್ತಿದ್ದವು. ಇಟಾಲಿಯನ್‌ನಲ್ಲಿ ಮಂಜಿಗೆ ‘ನೆಬ್ಬಿಯಾ’. ಈ ಮಂಜಿನ ಕಾಲಕ್ಕೆ ಕೊಯ್ಲಿಗೆ ಬರುವುದರಿಂದ ನೆಬ್ಬಿಯೋಲೊ ಅನ್ನುವ ಹೆಸರು ಬಂತು ಎಂದು ಹೇಳುತ್ತಾರೆ. ವಸಂತದಲ್ಲಿ ಎಲ್ಲಕ್ಕಿಂತ ಮೊದಲು ಚಿಗುರುವ, ಎಲ್ಲಕ್ಕಿಂತ ಕೊನೆಗೆ ಹಣ್ಣಾಗುವ ತಳಿಗಳಲ್ಲಿ ಇದೂ ಒಂದು. ಬಿಸಿಲು ಚೆನ್ನಾಗಿ ಬೀಳುವ ಗುಡ್ಡದ ಇಳಿಜಾರು ಬೇಕು, ಸುಣ್ಣದಂಶದ ಮಣ್ಣು ಬೇಕು, ನಿಧಾನವಾಗಿ ತಂಪಾಗುವ ಶರತ್ಕಾಲ ಬೇಕು. ಹಾಗಾಗಿ ಪೀಡ್ಮಾಂಟ್ ಮತ್ತು ಅದರ ಅಕ್ಕಪಕ್ಕ ಬಿಟ್ಟರೆ ಬೇರೆಡೆ ಇದು ಸುಲಭಕ್ಕೆ ಒಲಿಯುವುದಿಲ್ಲ. ನಮ್ಮ ಕಡೆಯೂ ವೈನ್ ದ್ರಾಕ್ಷಿ ಇಲ್ಲವೆಂದಲ್ಲ. ಪಕ್ಕದ ಕೊಪ್ಪಳ ಜಿಲ್ಲೆಯಲ್ಲೇ ಸಾಂಜೊವೇಸೆ ಎಂಬ ಇಟಲಿಯ ಇನ್ನೊಂದು ತಳಿ ಬೆಳೆದು ವೈನ್ ಮಾಡುವವರಿದ್ದಾರೆ. ಆದರೆ ನಮ್ಮ ಬಿಸಿಲಿಗೆ ಬಳ್ಳಿ ಚಳಿಗಾಲದ ನಿದ್ದೆ ಮಾಡುವುದೇ ಇಲ್ಲ. ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ, ಬೇಸಿಗೆ ಏರುವ ಮೊದಲೇ ಕೊಯ್ಯಬೇಕು. ನೆಬ್ಬಿಯೋಲೊದ ತಾಳ್ಮೆ ಅದಕ್ಕೆ ಹೊಂದುವುದಿಲ್ಲ.

ಲಾ ಮೊರ್ರಾ ಅನ್ನುವ ಊರಿನ ಹತ್ತಿರ ಒಂದು ಚಿಕ್ಕ ತೋಟ. ನಡೆಸುವವರು ಅರವತ್ತು ದಾಟಿದ ಒಬ್ಬ ಹೆಂಗಸು. ಕೈ ನೋಡಿದ ಕೂಡಲೇ ಹೊಲದಲ್ಲಿ ದುಡಿದ ಕೈ ಅಂತ ತಿಳಿಯಿತು. ಮೇಜಿನ ಮೇಲೆ ಒಬ್ಬೊಬ್ಬರಿಗೆ ಮೂರು ಲೋಟ, ಬ್ರೆಡ್ಡಿನ ಉದ್ದನೆಯ ಕಡ್ಡಿಗಳು, ನಡುವೆ ಒಂದು ಸ್ಟೀಲ್ ಬಕೆಟ್. ಬಕೆಟ್ ಯಾಕೆ ಅಂತ ಕೇಳಿದೆ. ‘ಉಗುಳಲಿಕ್ಕೆ’ ಅಂದ ಗೆಳೆಯ. ದಿನಕ್ಕೆ ಹತ್ತಾರು ವೈನ್ ನೋಡುವವರು ಯಾರೂ ನುಂಗುವುದಿಲ್ಲವಂತೆ. ಬಾಯಿಯಲ್ಲಿ ಆಡಿಸಿ ಉಗುಳುತ್ತಾರೆ. ಅದು ಅಲ್ಲಿ ಅಸಭ್ಯ ಅಲ್ಲ, ಪದ್ಧತಿ. ನನಗೆ ಎಷ್ಟು ಸಮಾಧಾನವಾಯಿತು ಅಂದರೆ, ಆಣೆಗೆ ಒಂದು ಕಿಂಡಿ ಸಿಕ್ಕಂತಾಯಿತು.

ಮೊದಲನೆಯ ಲೋಟ ‘ಲಾಂಗೆ ನೆಬ್ಬಿಯೋಲೊ’, ಎಳೆಯದು. ಎರಡನೆಯದು ಬಾರ್ಬರೆಸ್ಕೊ. ಮೂರನೆಯದು ಬರೋಲೊ, ಹತ್ತು ವರ್ಷ ದಾಟಿದ್ದು. ಮೂರೂ ಒಂದೇ ದ್ರಾಕ್ಷಿ, ಊರು ಮತ್ತು ವಯಸ್ಸು ಬೇರೆ. ಬಾರ್ಬರೆಸ್ಕೊ ಕನಿಷ್ಠ 26 ತಿಂಗಳು ಮಾಗಬೇಕು. ಬರೋಲೊ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಅಷ್ಟಾಗುವ ತನಕ ಆ ಹೆಸರು ಹಚ್ಚಿ ಮಾರುವಂತಿಲ್ಲ, ಅದು ಕಾನೂನು. ಬರೋಲೊ ಎಂಬ ಹೆಸರಿಗೆ ಅರ್ಹತೆ ಇರುವುದೂ ಹನ್ನೊಂದು ಊರುಗಳ ಸೀಮೆಗೆ ಮಾತ್ರ.

ನೋಡುವುದರಿಂದ ಶುರು ಮಾಡಿಸಿದರು ಆ ತಾಯಿ. ಲೋಟವನ್ನು ಕಾಲಿನಿಂದ ಹಿಡಿಯಬೇಕು, ಬೊಗಸೆಯಲ್ಲಿ ಹಿಡಿದರೆ ಕೈ ಕಾವಿಗೆ ಬಿಸಿಯಾಗುತ್ತದೆ. ಬಿಳಿ ಕಾಗದದ ಮೇಲೆ ವಾರೆ ಮಾಡಿ ನೋಡಬೇಕು. ಕೆಂಪು ವೈನ್ ಅಂದರೆ ರಕ್ತದಂತೆ ಗಾಢವಾಗಿರುತ್ತದೆ ಅಂದುಕೊಂಡಿದ್ದೆ. ಇದು ಹಾಗಿಲ್ಲ. ಲೋಟದಾಚೆ ಇಟ್ಟ ಬೆರಳು ಕಾಣುತ್ತದೆ. ಎಳೆಯದು ತಿಳಿಗೆಂಪು. ಹಳೆಯ ಬರೋಲೊದ ಅಂಚು ಸುಟ್ಟ ಇಟ್ಟಿಗೆಯ ಬಣ್ಣ. ನೋಡಿದರೆ ಪಾಪ, ಸಪ್ಪೆ ಇರಬೇಕು ಅನ್ನಿಸುತ್ತದೆ. ಅಲ್ಲೇ ನೆಬ್ಬಿಯೋಲೊ ಮೋಸ ಮಾಡುವುದು.

ಆಮೇಲೆ ಮೂಗು. ಲೋಟ ಮೆಲ್ಲಗೆ ತಿರುಗಿಸಿ, ಮೂಗನ್ನು ಒಳಗೇ ಇಟ್ಟು ಎಳೆದುಕೊಳ್ಳಬೇಕು. ಗುಲಾಬಿ ಬಂತು. ಹೊಸ ಹೂವಲ್ಲ, ದೇವರ ಪಟಕ್ಕೆ ಏರಿಸಿ ಮರುದಿನ ತೆಗೆಯುವಾಗ ಬರುತ್ತದಲ್ಲ, ಆ ಒಣಗಿದ ಎಸಳಿನ ವಾಸನೆ. ಅದರ ಹಿಂದೆಯೇ ಇನ್ನೊಂದು. ಎಲ್ಲೋ ಗೊತ್ತಿರುವ ವಾಸನೆ, ಹೆಸರು ಬರುತ್ತಿಲ್ಲ. ಆ ತಾಯಿ ಇಟಾಲಿಯನ್‌ನಲ್ಲಿ ಏನೋ ಅಂದರು, ಗೆಳೆಯ ‘ಟಾರ್’ ಅಂದ. ಡಾಂಬರು! ಹೌದು, ಬೇಸಿಗೆಯಲ್ಲಿ ಮಸ್ಕಿ ರಸ್ತೆಗೆ ಹೊಸದಾಗಿ ಡಾಂಬರು ಹಾಕಿದಾಗ ಬರುವ ವಾಸನೆಯೇ. ಗುಲಾಬಿ ಮತ್ತು ಡಾಂಬರು, ಈ ವೈನಿಗೆ ಹಳೆಯ ಕಾಲದಿಂದ ಹೇಳುವ ಗುರುತೇ ಅದಂತೆ. ಡಾಂಬರು ಚೆನ್ನಾಗಿರುತ್ತದೆ ಅಂತ ಜೀವನದಲ್ಲಿ ಮೊದಲ ಸಲ ಅನ್ನಿಸಿತು.

ಕೊನೆಗೆ ಬಾಯಿ. ಮೊದಲ ಲೋಟದಿಂದ ಒಂದು ಗುಟುಕು ತೆಗೆದುಕೊಂಡು ಬಾಯಿ ತುಂಬ ಆಡಿಸಿದೆ. ಹುಣಸೆಯ ಹಾಗೆ ಹುಳಿ ಜೊಲ್ಲು ತರಿಸಿತು. ಮರುಗಳಿಗೆಗೆ ಒಗರು. ಎಂಥ ಒಗರು ಅಂದರೆ, ನಾಲಿಗೆಗೆ ಯಾರೋ ಬಟ್ಟೆ ಸುತ್ತಿದ ಹಾಗೆ, ಕೆನ್ನೆಯ ಒಳಭಾಗ ಹಲ್ಲಿಗೆ ಅಂಟಿದ ಹಾಗೆ. ಬಕೆಟ್‌ಗೆ ಉಗುಳಿದೆ. ಒಗರು ಹೋಗಲಿಲ್ಲ.

ಇದು ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿ ಇರುತ್ತದೆ. ಹಸಿ ಅಡಿಕೆ, ನೆಲ್ಲಿಕಾಯಿ, ನೇರಳೆ ಹಣ್ಣು, ಹಾಲು ಹಾಕದ ಕಡಕ್ ಚಹಾ, ಎಲ್ಲದರ ಒಗರಿಗೂ ಇಂಥವೇ ಕಾರಣ. ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನನ್ನು ಇವು ಹಿಡಿದುಕೊಳ್ಳುತ್ತವೆ, ಬಾಯಿಯ ಜಾರಿಕೆ ಹೋಗಿ ಒಣಗಿದಂತಾಗುತ್ತದೆ. ಚಹಾಕ್ಕೆ ಹಾಲು ಹಾಕಿದರೆ ಒಗರು ಕಡಿಮೆಯಾಗುವುದು ಯಾಕೆ ಅಂದರೆ, ಅಲ್ಲಿ ಹಾಲಿನ ಪ್ರೋಟೀನು ಸಿಗುತ್ತದೆ, ನಿಮ್ಮ ಜೊಲ್ಲನ್ನು ಬಿಡುತ್ತದೆ. ಅದಕ್ಕೇ ಆ ಊರಿನಲ್ಲಿ ಈ ವೈನನ್ನು ಬರಿಹೊಟ್ಟೆಯಲ್ಲಿ ಕುಡಿಯುವುದಿಲ್ಲ. ಮಾಂಸ, ಚೀಸ್, ಊಟ ಜೊತೆಗಿರಲೇಬೇಕು. ವರ್ಷ ಕಳೆದಂತೆ ಆ ಟ್ಯಾನಿನ್‌ಗಳು ಒಂದಕ್ಕೊಂದು ಕೂಡಿಕೊಂಡು ಒರಟುತನ ಮೆತ್ತಗಾಗುತ್ತದೆ. ಬರೋಲೊವನ್ನು ಕಾಯಿಸುವುದು ಆ ಕಾರಣಕ್ಕೆ.

ಎರಡನೆಯ ಲೋಟವನ್ನೂ ಉಗುಳಿದೆ. ಮೂರನೆಯದನ್ನು ಬಾಯಿಗೆ ಹಾಕಿಕೊಂಡೆ. ಒಗರು ಇತ್ತು, ಆದರೆ ಅದು ಈಗ ಕಿರಿಕಿರಿಯಾಗಿರಲಿಲ್ಲ. ನೀರು ಇಂಗಿದ ಮೇಲೆ ಗದ್ದೆಯ ಕೆಸರು ನಯವಾಗುವ ಹಾಗೆ ಆಗಿತ್ತು. ಅದರ ಒಳಗೆ ಹುಳಿ ಇತ್ತು, ಒಣಹಣ್ಣು ಇತ್ತು, ಮಳೆ ಬಿದ್ದ ಮಣ್ಣು ಇತ್ತು. ಒಂದು ಹೋದ ಮೇಲೆ ಇನ್ನೊಂದು ಬರುತ್ತಿತ್ತು. ಮರೆತು ನುಂಗಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಬಕೆಟ್ ಎದುರಿಗೇ ಇತ್ತು. ಗೊತ್ತಿದ್ದೇ ನುಂಗಿದೆ.

ಮಧ್ಯಾಹ್ನ ಊಟಕ್ಕೆ ಆ ತಾಯಿ ಬರೋಲೊ ಹಾಕಿ ಬೇಯಿಸಿದ ಅನ್ನ ಬಡಿಸಿದರು. ಅವರ ರಿಸೊಟ್ಟೊ. ಅನ್ನ ನೇರಳೆ ಬಣ್ಣಕ್ಕೆ ತಿರುಗಿತ್ತು. ಎಲ್ಲರೂ ನಗುತ್ತಿದ್ದರು, ಒಂದೊಂದು ಲೋಟ ಸುರಿದುಕೊಂಡು ಎರಡು ತಾಸು ಕೂತರು. ಯಾರೂ ತೂರಾಡಲಿಲ್ಲ, ಯಾರೂ ಯಾರಿಗೂ ಬೈಯಲಿಲ್ಲ. ನಾನು ಹುಟ್ಟಿದ ಮೇಲೆ ಅಂಥದ್ದನ್ನು ನೋಡಿರಲೇ ಇಲ್ಲ. ಕುಡಿತ ಅಂದರೆ ನನಗೆ ಬಾಗಿಲು ಒದ್ದ ಶಬ್ದ, ಪಾತ್ರೆ ಬಿದ್ದ ಶಬ್ದ.

ಆದರೆ ರಾತ್ರಿ ರೂಮಿಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಆಣೆ ಮುರಿದೆ ಅನ್ನುವುದಕ್ಕಿಂತ ಬೇರೆ ಒಂದು ಹೆದರಿಕೆ. ಇನ್ನೊಂದು ಗುಟುಕು ಬೇಕು ಅನ್ನಿಸಿತ್ತಲ್ಲ, ಅದು ನನ್ನ ಆಸೆಯೋ ಅಪ್ಪನದೋ? ಅಪ್ಪನಿಗೂ ಮೊದಲ ಸಲ ಹೀಗೆಯೇ ಅನ್ನಿಸಿತ್ತೇ? ಅಪ್ಪನ ಪಾಕೀಟು ಹತ್ತೋ ಹದಿನೈದೋ ರೂಪಾಯಿಯದು, ನಾನು ನುಂಗಿದ್ದು ಸಾವಿರಾರು ರೂಪಾಯಿಯ ಬಾಟ್ಲಿಯಿಂದ. ಅದಕ್ಕೆ ರಸಿಕತೆ ಅಂತ ಹೆಸರು, ಅಪ್ಪನದಕ್ಕೆ ಕುಡುಕತನ. ಸರ್ಕಾರ ಕೂಡ ಸಾರಾಯಿ ನಿಲ್ಲಿಸಿದ ಅದೇ 2007ರ ಹೆಸರಿನಲ್ಲೇ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತ್ತು. ದ್ರಾಕ್ಷಿ ಬೆಳೆಯುವ ರೈತನಿಗೆ ಅದರಿಂದ ಅನುಕೂಲವಿರಬಹುದು, ತಕರಾರಿಲ್ಲ. ಆದರೆ ಲಿವರಿಗೆ ಲೇಬಲ್ ಓದಲು ಬರುವುದಿಲ್ಲ. ಯಾವ ಪ್ರಮಾಣದ ಆಲ್ಕೋಹಾಲೂ ಸಂಪೂರ್ಣ ಸುರಕ್ಷಿತ ಅಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದು ವೈನಿಗೂ ಸೇರಿಯೇ.

ಊರಿಗೆ ಬರುವಾಗ ಅವ್ವನಿಗೆ ವೆರ್ಚೆಲ್ಲಿ ಕಡೆಯ ಅಕ್ಕಿ ಒಂದು ಕಿಲೋ ತಂದೆ. ಅವಳು ಅದನ್ನು ಸೋನಾಮಸೂರಿಯ ಹಾಗೆ ಕುದಿಸಿ ಇಳಿಸಿದಳು. ಮುದ್ದೆಯಾಯಿತು. ‘ಇದನ್ನ ಅಲ್ಲಿಂದ ಹೊತ್ಕೊಂಡು ಬಂದ್ಯಾ? ನಮ್ಮ ಮಿಲ್ಲಿನ ನುಚ್ಚ ಛಲೋ’ ಅಂದಳು. ಅಕ್ಕಿಯ ವಿಷಯ ಎಲ್ಲ ಹೇಳಿದೆ, ಮಂಜಿನ ವಿಷಯ ಹೇಳಿದೆ. ಲೋಟದ ವಿಷಯ ಹೇಳಲಿಲ್ಲ.

ಹೇಳಿದ್ದು ಜೂನ್‌ನಲ್ಲಿ. ಲಿಂಗಸುಗೂರಿನಲ್ಲಿ ಮಾವನ ಮಗಳ ಮದುವೆ ಮುಗಿಸಿಕೊಂಡು ನಾವಿಬ್ಬರೂ ಬಸ್ಸಿನಲ್ಲಿ ಸಿಂಧನೂರಿಗೆ ವಾಪಸ್ ಬರುತ್ತಿದ್ದೆವು. ಮಸ್ಕಿಯಲ್ಲಿ ಬಸ್ಸು ನಿಂತಾಗ ಒಬ್ಬಾಕೆ ಬುಟ್ಟಿಯಲ್ಲಿ ನೇರಳೆ ಹಣ್ಣು ತಂದಳು. ಅವ್ವ ಕಿಟಕಿಯಿಂದಲೇ ಚೌಕಾಶಿ ಮಾಡಿ ಒಂದು ಪೊಟ್ಟಣ ಕೊಂಡಳು. ಒಂದು ಬಾಯಿಗೆ ಹಾಕಿಕೊಂಡೆ. ಹುಳಿ, ಸಿಹಿ, ಆಮೇಲೆ ನಾಲಿಗೆಗೆ ಬಟ್ಟೆ ಸುತ್ತಿದಂಥ ಆ ಒಗರು.

‘ಯವ್ವಾ, ನಾ ಇಟಲಿಯಾಗ ಒಂದು ಗುಟುಕು ನುಂಗೀನಿ’ ಅಂದುಬಿಟ್ಟೆ.

ಅವ್ವ ತಿರುಗಿ ನೋಡಿದಳು. ಎಲ್ಲವನ್ನೂ ಹೇಳಿದೆ, ಬಕೆಟ್, ಎರಡು ಉಗುಳಿದ್ದು, ಮೂರನೆಯದು. ಈ ಹಣ್ಣಿನ ಹಾಗೇ ಇತ್ತು ಅಂತಲೂ ಹೇಳಿದೆ. ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

‘ಮತ್ತ ಬೇಕು ಅನ್ನಿಸ್ತೇನು?’

‘ಅನ್ನಿಸ್ತು.’

ಅಲ್ಲಿಂದ ಸಿಂಧನೂರು ಬರುವ ತನಕ ಅವ್ವ ಮಾತಾಡಲಿಲ್ಲ. ಪೊಟ್ಟಣದ ಹಣ್ಣು ಹಾಗೇ ಉಳಿಯಿತು. ಮನೆಗೆ ಬಂದು, ಕೈಕಾಲು ತೊಳೆದು, ಅಕ್ಕಿ ಆರಿಸುತ್ತ ಕೂತಳು. ಬೈಯುತ್ತಾಳೆ, ಅಳುತ್ತಾಳೆ ಅಂತ ಕಾಯುತ್ತಿದ್ದೆ.

‘ನಿಮ್ಮಪ್ಪಗ ಮಿಲ್ಲಿನ್ಯಾಗ ಹಮಾಲಿಗಿಂತ ಜಾಸ್ತಿ ಮರ್ಯಾದಿ ಇತ್ತು, ಗೊತ್ತೈತೇನು ನಿನಗ?’ ಅಂದಳು. ಗೊತ್ತಿರಲಿಲ್ಲ. ಲಾರಿ ಬಂದ ಕೂಡಲೇ ಸಾಹುಕಾರ ಅಪ್ಪನನ್ನು ಕರೆಯುತ್ತಿದ್ದನಂತೆ. ಚೀಲಕ್ಕೆ ಬಂಬು ಚುಚ್ಚಿ ತೆಗೆದ ಭತ್ತವನ್ನು ಅಪ್ಪ ಹಲ್ಲಿನಲ್ಲಿ ಕಚ್ಚಿ, ತೇವ ಎಷ್ಟಿದೆ, ಹೊಸದೋ ಹಳೆಯದೋ, ಮಳೆಗೆ ನೆನೆದದ್ದೋ ಹೇಳುತ್ತಿದ್ದನಂತೆ. ಆಮೇಲೆ ಮಷಿನ್ ಬಂತು. ಆದರೂ ಮಷಿನ್ ಹೇಳಿದ್ದಕ್ಕೆ ಅನುಮಾನ ಬಂದರೆ ಅಪ್ಪನನ್ನೇ ಕೇಳುತ್ತಿದ್ದರಂತೆ.

‘ನಾಲಿಗಿ ನಿನಗ ಅವಂದೇ ಬಂದೈತಿ’ ಅಂದಳು ಅವ್ವ. ‘ಭತ್ತ ಕಚ್ತಿದ್ದ, ರುಚಿ ಹೇಳ್ತಿದ್ದ, ಉಗುಳ್ತಿದ್ದ. ಅದೊಂದನ್ನ ಉಗುಳಾಕ ಬರಲಿಲ್ಲ ಅವಂಗ.’

ಅಷ್ಟು ಹೇಳಿ ಮರ ಎತ್ತಿಕೊಂಡು ಒಳಗೆ ಹೋದಳು. ಅಪ್ಪನ ಬಗ್ಗೆ ಅವ್ವ ಒಳ್ಳೆಯ ಮಾತಾಡಿದ್ದನ್ನು ಹನ್ನೆರಡು ಹದಿಮೂರು ವರ್ಷದಲ್ಲಿ ಅವತ್ತೇ ಕೇಳಿದ್ದು. ಆಣೆಯನ್ನು ಮತ್ತೆ ಹಾಕಿಸಲಿಲ್ಲ. ಮನ್ನಿಸಿದೆ ಅಂತಲೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಾತ್ರ, ‘ಮನ್ಯಾಗ ತರಬ್ಯಾಡ’ ಅಂದಳು.

ತಂದಿಲ್ಲ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಬರೋಲೊ ಸಿಗುತ್ತದೆ, ಕೊಳ್ಳುವಷ್ಟು ಸಂಬಳವೂ ಇದೆ. ಆಫೀಸಿನ ಪಾರ್ಟಿಗಳಲ್ಲಿ ಯಾರಾದರೂ ವೈನ್ ಸುರಿದರೆ ಲೋಟವನ್ನು ಬಿಳಿ ಟಿಶ್ಯೂ ಮೇಲೆ ವಾರೆ ಮಾಡಿ ಬಣ್ಣ ನೋಡುತ್ತೇನೆ, ಮೂಗಿಟ್ಟು ವಾಸನೆ ನೋಡುತ್ತೇನೆ, ಪಕ್ಕದವರಿಗೆ ಕೊಟ್ಟುಬಿಡುತ್ತೇನೆ. ‘ಇದೇನು, ಬರೀ ಮೂಸಿ ಬಿಡ್ತೀಯಲ್ಲ’ ಅಂತ ಗೆಳೆಯರು ನಗುತ್ತಾರೆ. ನಗಲಿ.

ಈ ಸಲ ಊರಿಗೆ ಹೋದಾಗ ಒಂದು ಸಂಜೆ ಅಪ್ಪ ದುಡಿಯುತ್ತಿದ್ದ ಮಿಲ್ಲಿನ ಕಡೆ ಹೋಗಿದ್ದೆ. ಲಾರಿ ಇಳಿಸುತ್ತಿದ್ದರು. ನೆಲಕ್ಕೆ ಚೆಲ್ಲಿದ್ದ ಭತ್ತದಲ್ಲಿ ನಾಲ್ಕು ಕಾಳು ಆರಿಸಿ ಹಲ್ಲಿನಲ್ಲಿ ಕಚ್ಚಿ ನೋಡಿದೆ. ಟಕ್ ಅಂತ ಮುರಿಯಿತು. ಒಣಗಿದೆ ಅನ್ನಿಸಿತು. ಹೌದೋ ಅಲ್ಲವೋ ಕೇಳೋಣವೆಂದರೆ ಕೇಳುವವರು ಇರಲಿಲ್ಲ. ಉಗುಳಿ, ಬಾಯಿ ಒರೆಸಿಕೊಂಡು ಮನೆಗೆ ಬಂದೆ.